ಅಪ್ಪನಿಗೆ ಹರ್ನಿಯಾ: ಆಪರೇಷನ್ ಕೊಯ್ಲಿಗೆ ಮುಂಚೆಯೋ, ಸುಗ್ಗಿ ಮುಗಿದ ಮೇಲೋ?

ಸಿಂಧನೂರು ಮಗಳು

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 61 ವರ್ಷ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಐದು ಎಕರೆ ಭತ್ತ ಬೆಳೆಯುತ್ತಾರೆ. ಹೋದ ಬೇಸಿಗೆಯಿಂದ ಬಲ ತೊಡೆಸಂದಿನಲ್ಲಿ ಗಂಟು ಕಾಣಿಸಿಕೊಂಡಿದೆ. ನಿಂತರೆ ಪಂಚೆಯ ಮೇಲೆಯೇ ಗೊತ್ತಾಗುವಷ್ಟು ಉಬ್ಬುತ್ತದೆ, ಮಲಗಿದರೆ ಇಳಿಯುತ್ತದೆ. ಬದುವಿನ ಮೇಲೆ ನಡೆಯುವಾಗ ಅಲ್ಲಲ್ಲಿ ನಿಂತು, ಅಂಗೈಯಿಂದ ಒತ್ತಿ ಒಳಗೆ ತಳ್ಳಿ, ಪಂಚೆ ಬಿಗಿದುಕೊಂಡು ಮುಂದೆ ಹೋಗುತ್ತಾರೆ. ನೋವಿದೆಯೇ ಎಂದು ಕೇಳಿದರೆ "ಇಲ್ಲವ್ವಾ, ಭಾರ ಅಷ್ಟೆ" ಎನ್ನುತ್ತಾರೆ.

ಸರ್ಕಾರಿ ಆಸ್ಪತ್ರೆಯ ಸರ್ಜನ್ ನೋಡಿ ಹರ್ನಿಯಾ, ಅಂದರೆ ಹೊಟ್ಟೆಯ ಗೋಡೆಯ ತೂತಿನಿಂದ ಕರುಳು ಹೊರಗೆ ಉಬ್ಬುವುದು ಎಂದರು. ತುರ್ತೇನಿಲ್ಲ, ಆದರೆ ಮಾಡಿಸಿಕೊಳ್ಳುವುದು ಒಳ್ಳೆಯದು ಎಂದರು. ಇನ್ನೊಂದು ಖಾಸಗಿ ಆಸ್ಪತ್ರೆಗೆ ಹೋದರೆ ಇವತ್ತೇ ಸೇರಿಸಿ ಎಂದು ಹಣ ಕಟ್ಟುವ ಕಿಟಕಿಗೆ ಕಳಿಸಿದರು. ಎರಡು ಮಾತು ಕೇಳಿ ಮನೆಯಲ್ಲಿ ಯಾರಿಗೂ ದಿಕ್ಕು ತೋಚುತ್ತಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ, ಬೀಡಿ ಬಿಟ್ಟಿಲ್ಲ, ಬೆಳಗಿನ ಜಾವ ಕೆಮ್ಮು. ಇನ್ನು ಹದಿನೈದು ದಿನಕ್ಕೆ ಕೊಯ್ಲು. ಓಣಿಯಲ್ಲಿ ಒಬ್ಬರು ಆಪರೇಷನ್ ಮಾಡಿ ಒಳಗಿಡುವ ಜಾಲರಿ ಅಲ್ಲೇ ಕೊಳೆಯುತ್ತದೆ ಎಂದರೆ, ಇನ್ನೊಬ್ಬರು ಗಂಡಸ್ತನವೇ ಹೋಗುತ್ತದೆ ಎಂದು ಹೆದರಿಸಿದ್ದಾರೆ. ಅಪ್ಪ ಔಷಧಿ ಅಂಗಡಿಯಿಂದ ಬೆಲ್ಟ್ ತಂದು ಕಟ್ಟಿಕೊಂಡು ಸುಮ್ಮನಾಗಿದ್ದಾರೆ. ಮಾಡಿಸಿಕೊಂಡವರು ದಯವಿಟ್ಟು ಹೇಳಿ. ಈಗಲೇ ಮಾಡಿಸುವುದೋ, ಸುಗ್ಗಿ ಮುಗಿಯಲಿ ಎನ್ನುವುದೋ? ಆಮೇಲೆ ಎಷ್ಟು ದಿನ ಮಲಗಿಯೇ ಇರಬೇಕು?

ಗಂಗಾವತಿ ಹಮಾಲಿ

ತಂಗಿ, ನಾನು ಅಕ್ಕಿ ಗಿರಣಿಯಲ್ಲಿ ಹಮಾಲಿ. ಮೂಟೆ ಹೊರುವವರಿಗೆ ಇದು ಹೊಸ ಕಾಯಿಲೆಯಲ್ಲ, ನಮ್ಮ ಗುಂಪಿನಲ್ಲಿಯೇ ಹಲವರು ಮಾಡಿಸಿಕೊಂಡಿದ್ದೇವೆ. ನನಗೆ ಬೆನ್ನಿಗೆ ಸೂಜಿ ಕೊಟ್ಟು, ತೊಡೆಸಂದಿನಲ್ಲಿ ಕೊಯ್ದು, ಜಾಲರಿ ಇಟ್ಟು ಹೊಲಿದರು. ಸೊಂಟದ ಕೆಳಗೆ ಮೈ ಇದೆಯೋ ಇಲ್ಲವೋ ತಿಳಿಯಲಿಲ್ಲ, ವೈದ್ಯರ ಮಾತು ಮಾತ್ರ ಕೇಳುತ್ತಿತ್ತು. ಸಂಜೆ ಕಾಲಿಗೆ ಜೀವ ಬಂದ ಕೂಡಲೇ ಸಿಸ್ಟರ್ ಬಂದು ಎಬ್ಬಿಸಿ ನಿಲ್ಲಿಸಿದರು. ಮೊದಲ ಹೆಜ್ಜೆಗೆ ಹೊಲಿಗೆ ಬಿಚ್ಚಿಯೇ ಹೋಯಿತು ಎನಿಸುತ್ತದೆ. ಬಿಚ್ಚುವುದಿಲ್ಲ. ಧೈರ್ಯವಾಗಿ ನಡೆಸಿ.

ಮಲಗಿದಲ್ಲಿಂದ ನೇರವಾಗಿ ಎದ್ದು ಕೂರಲು ಬಿಡಬೇಡಿ. ಪಕ್ಕಕ್ಕೆ ಹೊರಳಿ, ಕಾಲನ್ನು ಮಂಚದಿಂದ ಇಳಿಬಿಟ್ಟು, ಮೊಣಕೈ ಊರಿ ಏಳಬೇಕು. ಕೆಮ್ಮು ಬಂದರೆ ದಿಂಬನ್ನು ಗಾಯದ ಮೇಲೆ ಒತ್ತಿ ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ಪ್ರಾಣ ಹೋಗುವಷ್ಟು ನೋವು. ನೆಲದ ಹಾಸಿಗೆ ಬೇಡ, ಮಂಚ ಬೇಕು. ಕುಕ್ಕರಗಾಲಿನಲ್ಲಿ ಕೂರುವ ಪಾಯಿಖಾನೆಯೂ ಆರಂಭದಲ್ಲಿ ಕಷ್ಟ. ನಾವು ಪ್ಲಾಸ್ಟಿಕ್ ಕುರ್ಚಿಯ ನಡುವೆ ಕತ್ತರಿಸಿ ಇಟ್ಟುಕೊಂಡೆವು, ಅದರಿಂದ ಬಹಳ ಅನುಕೂಲವಾಯಿತು.

ಇನ್ನೊಂದು ಮಾತು ಮೊದಲೇ ಹೇಳಿರುತ್ತೇನೆ. ಎರಡು ಮೂರು ದಿನಕ್ಕೆ ವೃಷಣದ ಚೀಲ ಊದಿಕೊಂಡು ಕಪ್ಪು ನೀಲಿ ಬಣ್ಣಕ್ಕೆ ತಿರುಗಬಹುದು. ನಮ್ಮ ಮನೆಯಲ್ಲಿ ಅದನ್ನು ನೋಡಿ ಅಳುವುದಕ್ಕೇ ಶುರು ಮಾಡಿದರು. ಒಳಗೆ ಸೋರಿದ ರಕ್ತ ಕೆಳಗೆ ಇಳಿದದ್ದು ಅಷ್ಟೆ, ಬಿಗಿಯಾದ ಲಂಗೋಟಿ ಕಟ್ಟಿದರೆ ನೋವು ತಗ್ಗುತ್ತದೆ ಎಂದು ವೈದ್ಯರು ಹೇಳಿದರು. ಹಾಗೆಯೇ ತಾನಾಗಿ ಇಳಿಯಿತು.

ಕೊಪ್ಪಳ ನಿವೃತ್ತ ಮಾಸ್ತರ

ತಾಯಿ, ಸರ್ಜನ್ ಹೇಳಿದ "ತುರ್ತಿಲ್ಲ" ಎಂಬ ಮಾತಿಗೆ ಆಧಾರವಿದೆ. ಉತ್ತರ ಅಮೆರಿಕದಲ್ಲಿ ನೋವಿಲ್ಲದ ಅಥವಾ ಅತ್ಯಲ್ಪ ನೋವಿನ ತೊಡೆಸಂದಿನ ಹರ್ನಿಯಾ ಇದ್ದ 720 ಗಂಡಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಪರೇಷನ್ ಮಾಡಿ, ಇನ್ನೊಂದನ್ನು ನಿಗಾದಲ್ಲಿ ಕಾಯಿಸಿದರು. ಅದು 2006ರಲ್ಲಿ ಪ್ರಕಟವಾಯಿತು. ಕರುಳು ಸಿಕ್ಕಿಕೊಳ್ಳುವ ತುರ್ತು ಸ್ಥಿತಿ ಬಂದದ್ದು, ಸಾವಿರ ಜನ ಒಂದು ವರ್ಷ ಕಾದರೆ ಇಬ್ಬರಿಗೂ ಕಡಿಮೆ ಎಂಬ ಲೆಕ್ಕದಲ್ಲಿ. ನನಗೂ ಎಡಗಡೆ ಸಣ್ಣದೊಂದು ಇದೆ. ಎಪ್ಪತ್ತು ದಾಟಿದೆ, ಹೃದಯದ ತೊಂದರೆಯೂ ಇದೆ. ಹಾಗಾಗಿ ವೈದ್ಯರ ಸಲಹೆಯಂತೆಯೇ ಕಾಯುತ್ತಿದ್ದೇನೆ.

ಆದರೆ ಅದೇ ಜನರನ್ನು ಹತ್ತು ವರ್ಷ ಗಮನಿಸಿದಾಗ, ಕಾದವರಲ್ಲಿ ಶೇ 68ರಷ್ಟು ಮಂದಿ ಆಪರೇಷನ್‌ಗೆ ಬಂದೇ ಬಂದರು, ಹೆಚ್ಚಿನವರು ನೋವು ಜಾಸ್ತಿಯಾಯಿತೆಂದು. ಅಂದರೆ ಕಾಯುವುದು ಸುರಕ್ಷಿತ, ಆದರೆ ಬಹುಪಾಲು ಜನರಿಗೆ ಅದು ಮುಂದೂಡಿಕೆ ಮಾತ್ರ. ನಿಮ್ಮ ತಂದೆ ಗದ್ದೆಯಲ್ಲಿ ನಿಂತು ನಿಂತು ಒಳಗೆ ತಳ್ಳುತ್ತಿದ್ದಾರೆ ಎಂದರೆ "ನೋವಿಲ್ಲ" ಎಂಬ ಮಾತನ್ನು ಪೂರ್ತಿ ನಂಬಬೇಡಿ. ದೂರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಾನು ಇರುವುದು ಊರಿನೊಳಗೆ, ಆಸ್ಪತ್ರೆ ಹತ್ತಿರ. ರಾತ್ರಿ ನೀರು ಕಟ್ಟಲು ಹೊಲದಲ್ಲಿ ಒಬ್ಬರೇ ಇರುವವರ ಪರಿಸ್ಥಿತಿ ಬೇರೆ.

ಮಾನ್ವಿ ಅಳಿಯ

ಮಾಸ್ತರರು ಹೇಳಿದ ಆ ಇಬ್ಬರಲ್ಲಿ ಒಬ್ಬರು ನಮ್ಮ ಮಾವ. ವರ್ಷಗಟ್ಟಲೆ ಮಲಗಿದರೆ ಇಳಿಯುತ್ತಿದ್ದ ಗಂಟು ಒಂದು ರಾತ್ರಿ ಇಳಿಯಲಿಲ್ಲ. ಕಲ್ಲಿನಂತೆ ಗಟ್ಟಿಯಾಯಿತು. ಮೊದಲು ಹೊಟ್ಟೆ ನುಲಿತ, ಆಮೇಲೆ ವಾಂತಿ. ಗಾಳಿಯೂ ಹೋಗುತ್ತಿಲ್ಲ, ಮಲವೂ ಇಲ್ಲ. ಅತ್ತೆ ಬಿಸಿನೀರಿನ ಶಾಖ ಕೊಟ್ಟರು, ಊರಿನವರೊಬ್ಬರು ಬಂದು ಬಲವಾಗಿ ಒತ್ತಿ ತಳ್ಳಲು ನೋಡಿದರು. ಬೆಳಗಾಗಲಿ ಎಂದು ಕಾದು ರಾಯಚೂರು ಮುಟ್ಟುವಷ್ಟರಲ್ಲಿ ಕರುಳಿನ ಒಂದು ತುಂಡು ಸತ್ತಿತ್ತು. ಅದನ್ನು ಕತ್ತರಿಸಿ ಜೋಡಿಸಿದರು. ಐಸಿಯು ವಾಸ, ಸಾಲ, ತಿಂಗಳುಗಟ್ಟಲೆ ಸೊರಗಿದ ಮೈ. ಬದುಕಿದರು ಎನ್ನುವುದೇ ದೊಡ್ಡದು.

ದಯವಿಟ್ಟು ಈ ಲಕ್ಷಣಗಳನ್ನು ಮನೆಯವರೆಲ್ಲರಿಗೂ ಹೇಳಿಡಿ. ಗಂಟು ಒಳಗೆ ಹೋಗದಿದ್ದರೆ, ನೋವು ಏರುತ್ತಿದ್ದರೆ, ಚರ್ಮ ಕೆಂಪಾದರೆ, ವಾಂತಿ ಶುರುವಾದರೆ ಶಾಖವೂ ಬೇಡ, ಒತ್ತುವುದೂ ಬೇಡ. 108ಕ್ಕೆ ಕರೆ ಮಾಡಿ. ರಾತ್ರಿಯಾದರೂ ಸರಿ.

ದೇವದುರ್ಗ ರೈತ

ಬೆಲ್ಟ್ ಕಟ್ಟಿ, ವ್ಯಾಯಾಮ ಮಾಡಿ ವಾಸಿ ಮಾಡಿಕೊಂಡವರೂ ಇದ್ದಾರೆ ಎಂದು ಕೇಳಿದ್ದೇನೆ. ನಮ್ಮ ಕಡೆ ನಾಟಿ ಔಷಧಿ ಕೊಡುವವರಿದ್ದಾರೆ, ಲೇಪ ಹಚ್ಚುತ್ತಾರೆ. ಕೊಯ್ಯಿಸಿಕೊಳ್ಳುವ ಮುಂಚೆ ಅದನ್ನೊಮ್ಮೆ ನೋಡಬಾರದೇ?

ರಾಯಚೂರು ಸಿಸ್ಟರ್

ಅಣ್ಣನವರೆ, ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ಕೆಲಸ ಮಾಡುವವಳಾಗಿ ಹೇಳುತ್ತೇನೆ. ಹರ್ನಿಯಾ ಎಂದರೆ ಹೊಟ್ಟೆಯ ಗೋಡೆಯಲ್ಲಿ ಬಿದ್ದ ತೂತು. ಬದುವಿನಲ್ಲಿ ಏಡಿ ತೂತು ಕೊರೆದು ನೀರು ನುಗ್ಗುತ್ತಿದ್ದರೆ ಅಂಗಾಲು ಒತ್ತಿ ನಿಂತಷ್ಟು ಹೊತ್ತು ನೀರು ನಿಲ್ಲುತ್ತದೆ, ಕಾಲು ತೆಗೆದರೆ ಮತ್ತೆ ಹರಿಯುತ್ತದೆ. ಬೆಲ್ಟ್ ಮಾಡುವುದು ಅಷ್ಟೇ. ದೊಡ್ಡವರಲ್ಲಿ ಆ ತೂತು ವ್ಯಾಯಾಮದಿಂದಾಗಲಿ, ಗುಳಿಗೆಯಿಂದಾಗಲಿ, ಲೇಪದಿಂದಾಗಲಿ ಮುಚ್ಚುವುದಿಲ್ಲ. ಗಂಟು ಹೊರಗಿದ್ದಾಗಲೇ ಬೆಲ್ಟ್ ಬಿಗಿದರೆ ಕರುಳಿಗೇ ಪೆಟ್ಟು.

ಸಿಂಧನೂರಿನ ತಂಗಿ, ನಿಮ್ಮ ತಂದೆಯ ವಿಷಯದಲ್ಲಿ "ಯಾವಾಗ" ಎನ್ನುವುದಕ್ಕೆ ಉತ್ತರ ಕೊಯ್ಲಿಗಿಂತ ಹೆಚ್ಚಾಗಿ ಮೂರು ಸಂಗತಿಗಳಲ್ಲಿದೆ. ಮೊದಲನೆಯದು ಸಕ್ಕರೆ. ಎಚ್‌ಬಿಎ1ಸಿ ಎಂಬ ಮೂರು ತಿಂಗಳ ಸರಾಸರಿ ಪರೀಕ್ಷೆ ಮಾಡಿಸಿ. ಅದು 8ಕ್ಕಿಂತ ಮೇಲಿದ್ದರೆ ಗಾಯದಲ್ಲಿ ಕೀವಾಗುವ ಅಪಾಯ ಹೆಚ್ಚು. ಜಾಲರಿ ಇಟ್ಟ ಜಾಗಕ್ಕೆ ಸೋಂಕು ತಗುಲಿದರೆ ಕೆಲವೊಮ್ಮೆ ಜಾಲರಿಯನ್ನೇ ತೆಗೆಯಬೇಕಾಗುತ್ತದೆ. ತುರ್ತಿಲ್ಲದ ಆಪರೇಷನ್ ಆದ್ದರಿಂದ ಸಕ್ಕರೆ ಹತೋಟಿಗೆ ಬರುವವರೆಗೆ ಸರ್ಜನ್ ಮುಂದೂಡಬಹುದು. ಹಾಗೆ ಮಾಡಿದರೆ ಬೇಸರಪಡಬೇಡಿ, ಅದು ನಿಮ್ಮ ತಂದೆಯ ಒಳ್ಳೆಯದಕ್ಕೇ.

ಎರಡನೆಯದು ಬೀಡಿ. ಕನಿಷ್ಠ ನಾಲ್ಕು ವಾರ ಮೊದಲು ನಿಲ್ಲಿಸಬೇಕು. ಬೀಡಿ ಸೇದುವವರ ಗಾಯ ನಿಧಾನವಾಗಿ ಮಾಯುತ್ತದೆ, ಆ ಬೆಳಗಿನ ಕೆಮ್ಮು ಹೊಸ ಹೊಲಿಗೆಯ ಮೇಲೆ ಸಾವಿರ ಸಲ ಗುದ್ದುತ್ತದೆ. ಮೂರನೆಯದನ್ನು ಯಾವ ಗಂಡಸೂ ತಾನಾಗಿ ಹೇಳುವುದಿಲ್ಲ: ಮೂತ್ರ ಮಾಡಲು ತಿಣುಕುತ್ತಾರೆಯೇ, ರಾತ್ರಿ ನಾಲ್ಕೈದು ಸಲ ಏಳುತ್ತಾರೆಯೇ ಎಂದು ಅವರನ್ನು ಕೇಳಿ. ಅರವತ್ತು ದಾಟಿದವರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರುವುದು ಸಾಮಾನ್ಯ. ಬೆನ್ನಿನ ಸೂಜಿಯ ನಂತರ ಅಂಥವರಿಗೆ ಮೂತ್ರ ಕಟ್ಟಿಕೊಂಡು ನಳಿಕೆ ಹಾಕಬೇಕಾಗುವುದನ್ನು ಆಗಾಗ ನೋಡುತ್ತೇವೆ. ಮೊದಲೇ ತಿಳಿಸಿದರೆ ಅದಕ್ಕೂ ಔಷಧಿ ಕೊಡುತ್ತಾರೆ. ರಕ್ತ ತೆಳುವಾಗುವ ಗುಳಿಗೆ ನುಂಗುತ್ತಿದ್ದರೆ ಅದನ್ನೂ ಹೇಳಲೇಬೇಕು. ನೀವಾಗಿ ನಿಲ್ಲಿಸಬೇಡಿ.

ಸಿಂಧನೂರು ಮಗಳು

ಅಕ್ಕಾ, ಮೂತ್ರದ ವಿಷಯ ಅವ್ವನ ಮೂಲಕ ಕೇಳಿಸಿದೆ. ತೊಂದರೆ ಇದೆಯಂತೆ, ಯಾರಿಗೂ ಹೇಳಿರಲಿಲ್ಲ. ಜಾಲರಿ ಕೊಳೆಯುವ ಮಾತಿಗೆ ಏನು ಹೇಳಲಿ? ಅಪ್ಪ ಕೂತಲ್ಲಿ ನಿಂತಲ್ಲಿ ಅದನ್ನೇ ಕೇಳುತ್ತಾರೆ.

ರಾಯಚೂರು ಸಿಸ್ಟರ್

ಜಾಲರಿ ಪಾಲಿಪ್ರೊಪಿಲೀನ್ ಎಂಬ ದಾರದಿಂದ ಹೆಣೆದದ್ದು. ಗಂಗಾವತಿಯ ಸೋನಾಮಸೂರಿ ತುಂಬಿ ಹೋಗುವ ಬಿಳಿ ಪ್ಲಾಸ್ಟಿಕ್ ಚೀಲ ಇದೆಯಲ್ಲ, ಅದೂ ಇದೇ ಪದಾರ್ಥ. ಆಸ್ಪತ್ರೆಯದ್ದು ಶುದ್ಧೀಕರಿಸಿದ, ದೇಹಕ್ಕೆ ಒಗ್ಗುವ ದರ್ಜೆಯದ್ದು ಎನ್ನುವುದು ವ್ಯತ್ಯಾಸ. ಅದು ಕೊಳೆಯುವುದಿಲ್ಲ, ಕರಗುವುದೂ ಇಲ್ಲ. ಅದರ ಕಣ್ಣುಗಳ ನಡುವೆ ನಮ್ಮದೇ ಮಾಂಸ ಬೆಳೆದು ಗೋಡೆ ಗಟ್ಟಿಯಾಗುತ್ತದೆ. ಅಮೆರಿಕದ ಶಸ್ತ್ರವೈದ್ಯ ಲಿಚ್‌ಟೆನ್‌ಸ್ಟೈನ್ 1980ರ ದಶಕದಲ್ಲಿ ರೂಢಿಗೆ ತಂದ ಪದ್ಧತಿ ಇದು. ಅದಕ್ಕೂ ಮುಂಚೆ ಸ್ನಾಯುವನ್ನು ಎಳೆದು ಹೊಲಿಯುತ್ತಿದ್ದರು, ಎಳೆತಕ್ಕೆ ಹೊಲಿಗೆ ಸಡಿಲಾಗಿ ಮತ್ತೆ ಹರ್ನಿಯಾ ಬರುವುದು ಹೆಚ್ಚಿತ್ತು. ಜಾಲರಿ ಬೇಡವೇ ಬೇಡ ಎನ್ನುವವರಿಗೆ ಪುಣೆಯ ಡಾ. ದೇಸರ್ಡಾ ಅವರ ವಿಧಾನದಂತಹವು ಇವೆ, ರೋಗಿಯ ಸ್ನಾಯುವಿನ ಹೊದಿಕೆಯ ಪಟ್ಟಿಯನ್ನೇ ಬಳಸುತ್ತಾರೆ. ಆದರೆ ಯಾವ ವಿಧಾನವಾದರೂ ಸರಿ, ಆ ಸರ್ಜನ್ ಅದನ್ನು ಎಷ್ಟು ಬಾರಿ ಮಾಡಿದ್ದಾರೆ ಎನ್ನುವುದು ಮುಖ್ಯ. ಕೇಳಲು ಸಂಕೋಚ ಬೇಡ.

ಗಂಡಸ್ತನದ ಭಯಕ್ಕೆ: ಆಪರೇಷನ್‌ನಲ್ಲಿ ವೀರ್ಯನಾಳ ಮತ್ತು ರಕ್ತನಾಳಗಳನ್ನು ಬದಿಗೆ ಸರಿಸಿ ಕಾಪಾಡಿಯೇ ಕೆಲಸ ಮಾಡುತ್ತಾರೆ. ವೃಷಣಕ್ಕೆ ರಕ್ತ ಕಡಿಮೆಯಾಗಿ ಅದು ಕುಗ್ಗುವುದು ಅಪರೂಪ. ಮುಚ್ಚಿಡಬಾರದ ಇನ್ನೊಂದು ಸಂಗತಿ ಹೇಳುತ್ತೇನೆ. ಸುಮಾರು ಹತ್ತರಲ್ಲಿ ಒಬ್ಬರಿಗೆ ಮೂರು ತಿಂಗಳು ಕಳೆದರೂ ಆ ಜಾಗದಲ್ಲಿ ನೋವು ಉಳಿಯುತ್ತದೆ. ಹೆಚ್ಚಿನವರಿಗೆ ಸಹಿಸಬಹುದಾದಷ್ಟು, ಕೆಲವೇ ಕೆಲವರಿಗೆ ದಿನದ ಕೆಲಸ ಕೆಡಿಸುವಷ್ಟು. ನೋವೇ ಇಲ್ಲದವರು ಕಾಯಲೂಬಹುದು ಎಂದು ವೈದ್ಯರು ಹೇಳುವುದಕ್ಕೆ ಇದೂ ಒಂದು ಕಾರಣ.

ಬಳ್ಳಾರಿ ಕೌಲ್‌ಬಜಾರ್ ಅಕ್ಕ

ಇಲ್ಲಿ ಎಲ್ಲರೂ ಗಂಡಸರದ್ದೇ ಮಾತನಾಡುತ್ತಿದ್ದೀರಿ. ನನಗೆ ಎರಡನೇ ಸಿಸೇರಿಯನ್ ಆದ ಮೇಲೆ ಹಳೆಯ ಗಾಯದ ಜಾಗದಲ್ಲಿಯೇ ಹೊಟ್ಟೆ ಉಬ್ಬಿ ಬಂತು. ಜೀನ್ಸ್ ಹೊಲಿಯುವ ಕೆಲಸ ನನ್ನದು, ಇಡೀ ದಿನ ಮಷಿನ್ ಮುಂದೆ ಬಾಗಿ ಕೂರಬೇಕು. ಕೊಬ್ಬು ಎಂದುಕೊಂಡು ಮನೆಯವರು ಯಾರೂ ಲಕ್ಷ್ಯ ಕೊಡಲಿಲ್ಲ. ತೋರಿಸಿದಾಗ ಗಾಯದ ಹರ್ನಿಯಾ ಎಂದರು. ಇದು ತೊಡೆಸಂದಿನದ್ದಕ್ಕಿಂತ ದೊಡ್ಡ ಆಪರೇಷನ್, ದೊಡ್ಡ ಜಾಲರಿ, ಗಾಯದ ಪಕ್ಕದಲ್ಲಿ ನೀರು ಹೋಗಲು ನಳಿಕೆ. ಚೇತರಿಕೆಯೂ ನಿಧಾನ. ಹೊಟ್ಟೆಗೆ ಪಟ್ಟಿ ಕಟ್ಟಿಕೊಂಡೇ ಓಡಾಡಿದೆ. ಕೊಡ ಎತ್ತಬಾರದು ಎಂದರೆ ಹೆಣ್ಣುಮಕ್ಕಳಿಗೆ ಅದು ಎಷ್ಟು ಕಷ್ಟ ಎಂದು ವೈದ್ಯರಿಗೂ ಗೊತ್ತಿರುವುದಿಲ್ಲ. ನೀರು ಬಿಡುವ ದಿನ ಯಾರು ತುಂಬಬೇಕು, ಮಗುವನ್ನು ಯಾರು ಎತ್ತಿಕೊಳ್ಳಬೇಕು ಎಂದು ಮೊದಲೇ ತೀರ್ಮಾನ ಮಾಡಿಕೊಂಡೇ ಆಸ್ಪತ್ರೆಗೆ ಹೋಗಿ.

ನನ್ನ ವೈದ್ಯೆ ಹೇಳಿದ ಇನ್ನೊಂದು ಮಾತು: ಹೆಂಗಸರಿಗೆ ತೊಡೆಯ ಮೇಲ್ಭಾಗದ ಮಡಿಕೆಗಿಂತ ಸ್ವಲ್ಪ ಕೆಳಗೆ ಸಣ್ಣ ಗಂಟು ಬಂದರೆ ಅದು ಬೇರೆ ಜಾತಿಯ ಹರ್ನಿಯಾ ಇರಬಹುದು. ಅದರ ಬಾಯಿ ಕಿರಿದು, ಕರುಳು ಸಿಕ್ಕಿಕೊಳ್ಳುವುದು ಬೇಗ. ಅಂಥದ್ದರಲ್ಲಿ ಕಾಯುವ ಮಾತೇ ಇಲ್ಲ.

ಕಾರಟಗಿ ತಾಯಿ

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ಮಗನಿಗೆ ಎಂಟು ತಿಂಗಳು, ಅತ್ತಾಗ ಹೊಕ್ಕುಳು ಉಬ್ಬುತ್ತದೆ. ಅತ್ತೆ ನಾಣ್ಯ ಇಟ್ಟು ಬಟ್ಟೆ ಕಟ್ಟಿದ್ದಾರೆ.

ರಾಯಚೂರು ಸಿಸ್ಟರ್

ನಾಣ್ಯ ಬಿಚ್ಚಿಡಿ ಅಮ್ಮಾ, ಕೆಳಗೆ ಚರ್ಮ ಬೆಂದು ಹುಣ್ಣಾಗುತ್ತದೆ. ಮಕ್ಕಳ ಹೊಕ್ಕುಳಿನದ್ದು ಬಹುಪಾಲು ನಾಲ್ಕೈದು ವರ್ಷದೊಳಗೆ ತಾನಾಗಿ ಮುಚ್ಚುತ್ತದೆ. ಆದರೆ ತೊಡೆಸಂದಿನಲ್ಲಿ ಉಬ್ಬಿದರೆ ಅದು ತಾನಾಗಿ ಹೋಗುವುದಿಲ್ಲ, ಬೇಗ ಆಪರೇಷನ್ ಮಾಡುತ್ತಾರೆ. ಮಕ್ಕಳಿಗೆ ಜಾಲರಿ ಇಡುವುದಿಲ್ಲ. ಒಮ್ಮೆ ಮಕ್ಕಳ ವೈದ್ಯರಿಗೆ ತೋರಿಸಿ.

ಸಂಡೂರು ಟಿಪ್ಪರ್ ಚಾಲಕ

ನನಗೆ ಎರಡೂ ಕಡೆ ಇತ್ತು, ಲ್ಯಾಪರೊಸ್ಕೋಪಿಯಲ್ಲಿ ಮಾಡಿದರು. ಮೂರು ಸಣ್ಣ ರಂಧ್ರ, ಪೂರ್ತಿ ಮಂಪರು. ತೆರೆದ ಆಪರೇಷನ್ ಮಾಡಿಸಿಕೊಂಡ ಗೆಳೆಯನಿಗಿಂತ ಬೇಗ ಎದ್ದು ಓಡಾಡಿದೆ. ಎರಡೂ ಕಡೆ ಇದ್ದವರಿಗೂ, ಒಮ್ಮೆ ತೆರೆದು ಮಾಡಿ ಮತ್ತೆ ಬಂದವರಿಗೂ ಇದು ಒಳ್ಳೆಯದು ಎಂದು ನಮ್ಮ ಸರ್ಜನ್ ಹೇಳಿದರು. ಆದರೆ ಪೂರ್ತಿ ಮಂಪರು ಕೊಡಲು ಹೃದಯ, ಶ್ವಾಸಕೋಶ ಸರಿಯಿರಬೇಕು. ಕೆಮ್ಮಿನವರಿಗೆ ಬೆನ್ನಿನ ಸೂಜಿ ಅಥವಾ ಆ ಜಾಗಕ್ಕಷ್ಟೇ ಮರಗಟ್ಟಿಸುವ ಸೂಜಿ ಸಾಕಾಗುವ ತೆರೆದ ಆಪರೇಷನ್ನೇ ಅನುಕೂಲ ಎಂದೂ ಹೇಳಿದರು.

ಗಾಡಿ ಬಗ್ಗೆ: ಬ್ರೇಕನ್ನು ಜೋರಾಗಿ ಒತ್ತಿದಾಗ ತೊಡೆಸಂದಿನಲ್ಲಿ ಚಳುಕು ಬರಬಾರದು. ಅಲ್ಲಿಯವರೆಗೆ ಚಾಲಕನ ಸೀಟು ಬೇಡ. ನಮ್ಮ ಅದಿರಿನ ರಸ್ತೆಯ ಗುಂಡಿಗಳಲ್ಲಿ ಹಿಂದೆ ಕುಳಿತರೂ ನೋವು. ಇಎಸ್‌ಐ ಎಂಬ ಸರ್ಕಾರಿ ಕಾರ್ಮಿಕ ವಿಮೆ ಇರುವ ಕಾರ್ಮಿಕರು ವೈದ್ಯರಿಂದ ರಜೆಯ ಪ್ರಮಾಣಪತ್ರ ತೆಗೆದುಕೊಳ್ಳುವುದನ್ನು ಮರೆಯಬೇಡಿ. ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70ರಷ್ಟು ಸಿಗುತ್ತದೆ. ಗುತ್ತಿಗೆದಾರರು ಇದನ್ನು ತಾವಾಗಿ ಹೇಳುವುದಿಲ್ಲ.

ಗಂಗಾವತಿ ಹಮಾಲಿ

ಆ 91 ದಿನದ ಮಾತು ಎಲ್ಲ ಹಮಾಲಿಗಳಿಗೂ ಅನ್ವಯಿಸುವಂತಿದ್ದರೆ! ನಮಗೆ ಮೂಟೆ ಎತ್ತಿದರೆ ಕೂಲಿ, ಎತ್ತದಿದ್ದರೆ ಇಲ್ಲ. ಮಾಸ್ತರರೆ, ನಿಮ್ಮ ಲೆಕ್ಕ ಸರಿ, ಆದರೆ ದುಡಿಯುವವನು ಕಾಯುತ್ತಾ ಕೂತರೆ ಗಂಟೂ ಬೆಳೆಯುತ್ತದೆ, ದುಡಿಮೆಯೂ ಕುಗ್ಗುತ್ತದೆ. ನಾನು ಗಿರಣಿಯಲ್ಲಿ ಹಂಗಾಮು ಇಳಿದ ಹೊತ್ತು ನೋಡಿ ಮಾಡಿಸಿಕೊಂಡೆ. ವಾಪಸು ಹೋದಾಗ ಮೊದಲು ಚೀಲದ ಬಾಯಿ ಹೊಲಿಯುವ ಕೆಲಸ, ಆಮೇಲೆ ಕಸ ಗುಡಿಸುವುದು, ಕೊನೆಗೆ ಸಣ್ಣ ಚೀಲ. ಮುಕಾದಮ ಒಪ್ಪಿದ್ದರಿಂದ ಸಾಧ್ಯವಾಯಿತು.

ಕೊಪ್ಪಳ ನಿವೃತ್ತ ಮಾಸ್ತರ

ಒಪ್ಪುತ್ತೇನೆ ತಮ್ಮಾ. ಮೈ ಬಗ್ಗಿಸಿ ದುಡಿಯುವವರ ಲೆಕ್ಕ ಬೇರೆಯೇ.

ಖರ್ಚಿನ ಬಗ್ಗೆ ಯಾರೂ ಹೇಳಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಭರಿಸುತ್ತದೆ. ಆಧಾರ್ ಮತ್ತು ಪಡಿತರ ಚೀಟಿ ಒಯ್ಯಬೇಕು, ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಮಾತ್ರ ಶಿಫಾರಸು ಪತ್ರ ಕೊಟ್ಟು ಬೇರೆಡೆಗೆ ಕಳಿಸುತ್ತಾರೆ. ಸಾಮಾನ್ಯ ಹರ್ನಿಯಾ ಆಪರೇಷನ್ ಸರ್ಕಾರಿ ಆಸ್ಪತ್ರೆಗಳಾದ ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯ ಬಿಎಂಸಿಆರ್‌ಸಿ ಅಂದರೆ ಹಿಂದಿನ ವಿಮ್ಸ್‌ಗಳಲ್ಲಿ ದಿನನಿತ್ಯದ ಕೆಲಸ. ಕಿಟಕಿಯಲ್ಲಿ ಹಣ ಕಟ್ಟುವ ಮುಂಚೆ ಇದನ್ನು ವಿಚಾರಿಸಿ ತಾಯಿ. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆಯ ಕಾರ್ಡ್ ಇದೆಯೇ ಎಂದೂ ನೋಡಿ.

ಸಿಂಧನೂರು ಮಗಳು

ಎಲ್ಲರ ಮಾತನ್ನೂ ಅಪ್ಪನಿಗೆ ಓದಿ ಹೇಳಿದೆ. ಮಾನ್ವಿ ಅಣ್ಣನವರು ಬರೆದದ್ದನ್ನು ಇನ್ನೊಮ್ಮೆ ಓದಿಸಿಕೊಂಡರು. ಸಕ್ಕರೆ ಪರೀಕ್ಷೆಯಲ್ಲಿ 9.4 ಬಂತು. ಸರ್ಜನ್ ಗುಳಿಗೆ ಬದಲಿಸಿ, ಪ್ರಾಸ್ಟೇಟ್‌ಗೂ ಔಷಧಿ ಬರೆದು, ಎರಡು ತಿಂಗಳು ಬಿಟ್ಟು ಬನ್ನಿ ಎಂದಿದ್ದಾರೆ. ಹಾಗಾಗಿ ಕೊಯ್ಲಿನ ಪ್ರಶ್ನೆ ತಾನಾಗಿ ಬಗೆಹರಿಯಿತು. ಕೊಯ್ಲು ಹೇಗೂ ಯಂತ್ರದಿಂದ. ಚೀಲ ಎತ್ತಲು ಆಳುಗಳಿದ್ದಾರೆ, ಅಪ್ಪ ಕಣದಲ್ಲಿ ಕುಳಿತು ಲೆಕ್ಕ ನೋಡಲಿ ಎಂದು ಅಣ್ಣ ಹಟ ಹಿಡಿದಿದ್ದಾನೆ. ಬೀಡಿ ಕಟ್ಟನ್ನು ಅವ್ವ ಕೈಗೆ ಸಿಗದಂತೆ ಇಟ್ಟಿದ್ದಾಳೆ. ಊಟದ ಪಥ್ಯ ಏನು? ತೊಗರಿಬೇಳೆ, ಬದನೆಕಾಯಿ ನಂಜು, ಗಾಯ ಕೀವಾಗುತ್ತದೆ ಎನ್ನುತ್ತಾಳೆ.

ರಾಯಚೂರು ಸಿಸ್ಟರ್

ಬೇಳೆ ನಂಜಲ್ಲ, ಗಾಯ ಮಾಯಲು ಅದೇ ಬೇಕು. ಬರೀ ಗಂಜಿ ಕುಡಿಸಿ ಮಲಗಿಸಿದರೆ ಮೈ ಸೊರಗುತ್ತದೆ, ಮಲವೂ ಗಟ್ಟಿಯಾಗುತ್ತದೆ. ಜೋಳದ ರೊಟ್ಟಿ, ಪುಂಡಿಪಲ್ಲೆ, ಹೆಸರುಬೇಳೆ, ಮೊಟ್ಟೆ ಒಗ್ಗುವುದಾದರೆ ಮೊಟ್ಟೆ, ಸಾಕಷ್ಟು ನೀರು. ಮಿರ್ಚಿ ಬಜ್ಜಿ ಸ್ವಲ್ಪ ದಿನ ಬೇಡ. ನೋವಿನ ಗುಳಿಗೆಗಳಲ್ಲಿ ಕೆಲವು ಮಲಬದ್ಧತೆ ತರುತ್ತವೆ, ಆದ್ದರಿಂದ ಇಸಬಗೋಲು ಅಥವಾ ವೈದ್ಯರು ಕೊಡುವ ಸಿರಪ್ ಮೊದಲ ದಿನದಿಂದಲೇ ಇರಲಿ. ತಿಣುಕಬಾರದು ಎನ್ನುವುದೇ ದೊಡ್ಡ ಪಥ್ಯ. ನೋವನ್ನು ಸಹಿಸಿಕೊಂಡು ಮಲಗಿರುವುದಕ್ಕಿಂತ ಹೇಳಿದ ಹೊತ್ತಿಗೆ ಗುಳಿಗೆ ನುಂಗಿ ನಡೆದಾಡುವುದು ಮೇಲು. ನಡೆಯದೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಆಪರೇಷನ್ ದಿನ ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಗುಳಿಗೆ ನುಂಗಬೇಕೋ ಬೇಡವೋ ಎಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.

ಸಿಂಧನೂರು ಮಗಳು

ಹೇಳಿದಂತೆ ಬರೆಯುತ್ತಿದ್ದೇನೆ, ಆಪರೇಷನ್ ಆಯಿತು. ತೆರೆದದ್ದು, ಬೆನ್ನಿನ ಸೂಜಿ, ಜಾಲರಿ. ಮೂತ್ರಕ್ಕೆ ತೊಂದರೆಯಾಗಲಿಲ್ಲ. ಮಾರನೆಯ ದಿನ ಮನೆಗೆ ಕಳಿಸಿದರು. ವೃಷಣದ ಚೀಲ ಕಪ್ಪಾದಾಗ ಹಮಾಲಿ ಅಣ್ಣನವರ ಮಾತು ನೆನಪಿದ್ದರಿಂದ ಯಾರೂ ಗಾಬರಿಯಾಗಲಿಲ್ಲ. ಹೊಲಿಗೆ ಬಿಚ್ಚಿದ್ದಾರೆ, ಗಾಯ ಒಣಗಿದೆ. ಈಗ ಎರಡು ಸಂದೇಹ. ಗಾಯದ ಕೆಳಗೆ ಬೆರಳಿನ ದಪ್ಪದ ಗಟ್ಟಿ ಗೆರೆ ಇದೆ, ಮತ್ತೆ ಹರ್ನಿಯಾ ಬಂತೇ ಎಂದು ಅಪ್ಪನಿಗೆ ಭಯ. ಜೊತೆಗೆ ಬೇಸಿಗೆ ಬೆಳೆಗೆ ನಾಟಿ ಆಗಿದೆ, ಔಷಧಿ ಹೊಡೆಯುವ ಪಂಪ್ ಬೆನ್ನಿಗೆ ಹಾಕಿಕೊಳ್ಳುತ್ತೇನೆ ಎನ್ನುತ್ತಾರೆ.

ಗಂಗಾವತಿ ಹಮಾಲಿ

ಬೇಡ ತಂಗಿ. 16 ಲೀಟರ್ ತುಂಬಿದ ಪಂಪ್ ಎಂದರೆ ಡಬ್ಬಿಯೂ ಸೇರಿ ಹತ್ತಿರ ಹತ್ತಿರ 20 ಕಿಲೋ. ಅದನ್ನು ಹೊತ್ತು ಕೆಸರಿನಿಂದ ಕಾಲು ಕಿತ್ತಿಡುವಾಗ ಎಲ್ಲ ಬಲವೂ ತೊಡೆಸಂದಿನ ಮೇಲೆಯೇ. ಆರು ವಾರ ಕಳೆಯುವವರೆಗೆ ಆ ಪಂಪ್ ಅಣ್ಣನ ಬೆನ್ನಿಗಿರಲಿ. ಅಪ್ಪ ಬದುವಿನ ಮೇಲೆ ನಡೆಯಲಿ, ನೀರು ನೋಡಲಿ, ಸಲಿಕೆ ಮಾತ್ರ ಹಿಡಿಯದಿರಲಿ.

ರಾಯಚೂರು ಸಿಸ್ಟರ್

ಆ ಗಟ್ಟಿ ಗೆರೆ ಮಾಯುತ್ತಿರುವ ಗಾಯದ್ದೇ ಇರಬೇಕು, ಕೆಲವು ತಿಂಗಳಲ್ಲಿ ಮೆತ್ತಗಾಗುತ್ತದೆ. ಸುತ್ತ ಚರ್ಮ ಜೋಮು ಹಿಡಿದಂತೆ ಇರುವುದೂ ಸಾಮಾನ್ಯ. ನಿಂತು ಕೆಮ್ಮಿಸಿ ನೋಡಿ: ಗೆರೆ ಹಾಗೆಯೇ ಇದ್ದರೆ ಚಿಂತೆ ಬೇಡ, ಕೆಮ್ಮಿದಾಗ ಉಬ್ಬಿ ಬಂದು ಮಲಗಿದಾಗ ಮಾಯವಾದರೆ ಸರ್ಜನ್‌ಗೆ ತೋರಿಸಿ. ಏನೇ ಆದರೂ ಮುಂದಿನ ಭೇಟಿಯಲ್ಲಿ ಅವರೇ ಕೈ ಇಟ್ಟು ನೋಡಲಿ. ಜ್ವರ, ಕೀವು, ಗಾಯ ಕೆಂಪಾಗಿ ಬಿಸಿಯಾಗುವುದು ಕಂಡರೆ ಆ ಭೇಟಿಯವರೆಗೂ ಕಾಯಬೇಡಿ. ಮೂರು ತಿಂಗಳಾದ ಮೇಲೂ ನಡೆಯುವಾಗ ಸೂಜಿ ಚುಚ್ಚಿದಂತೆ ನೋವಿದ್ದರೆ "ಭಾರ ಅಷ್ಟೆ" ಎಂದು ಅವರು ಹೇಳಿದರೂ ಕೇಳದೆ ಕರೆದುಕೊಂಡು ಬನ್ನಿ, ಅದಕ್ಕೂ ಚಿಕಿತ್ಸೆ ಇದೆ. ಸಕ್ಕರೆ ಗುಳಿಗೆ ಮುಂದುವರಿಯಲಿ, ಬೀಡಿ ಅವ್ವನ ಬಳಿಯೇ ಇರಲಿ.